ದಣಿದವರಿಗೂ ಒಂದು ಜಾಗ: ವೈದ್ಯಕೀಯ ಸಮ್ಮೇಳನಗಳಲ್ಲಿ ರೋಗಿಗಳೆಲ್ಲಿ?

ಮಳೆಗಾಲ ಮುಗಿಯುತ್ತಿದ್ದಂತೆ ಮಂಗಳೂರು, ಮಣಿಪಾಲಗಳಲ್ಲಿ ವೈದ್ಯಕೀಯ ಸಮ್ಮೇಳನಗಳು ಒಂದರ ಹಿಂದೆ ಒಂದರಂತೆ ನಡೆಯುತ್ತವೆ. ಸಭಾಂಗಣದ ಮುಂದೆ ದೊಡ್ಡ ಬ್ಯಾನರು, ಒಳಗೆ ದೀಪ ಬೆಳಗುವಿಕೆ, ಗಣ್ಯರಿಗೆ ಶಾಲು-ಸ್ಮರಣಿಕೆ, ಬಳಿಕ ಒಂದೊಂದು ಕಾಯಿಲೆಯ ಬಗ್ಗೆ ತಜ್ಞರ ಉಪನ್ಯಾಸ. ಈ ಕಾರ್ಯಕ್ರಮಗಳ ಚಿತ್ರಗಳನ್ನು ನಮ್ಮಂತಹ ಸುದ್ದಿತಾಣಗಳೂ ತಪ್ಪದೆ ಪ್ರಕಟಿಸುತ್ತವೆ. ಆ ಚಿತ್ರಗಳಲ್ಲಿ ವೈದ್ಯರಿದ್ದಾರೆ, ಆಡಳಿತಾಧಿಕಾರಿಗಳಿದ್ದಾರೆ, ನಮ್ಮ ಗುರುಗಳೂ ಧರ್ಮಭಗಿನಿಯರೂ ಇದ್ದಾರೆ. ಯಾರ ಕಾಯಿಲೆಯ ಬಗ್ಗೆ ಇಡೀ ದಿನ ಚರ್ಚೆ ನಡೆಯಿತೋ ಅವರು ಮಾತ್ರ ಕಾಣಿಸುವುದಿಲ್ಲ.

ವೈದ್ಯರು ತಮ್ಮತಮ್ಮಲ್ಲಿ ಚರ್ಚಿಸುವ ಸಭೆಗೆ ರೋಗಿ ಯಾಕೆ ಬರಬೇಕು ಎಂದು ಕೆಲವರು ಕೇಳಬಹುದು. ಮೂಳೆ ಮುರಿತದ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಆ ಪ್ರಶ್ನೆಗೆ ಅರ್ಥವಿರಬಹುದು. ಆದರೆ ರಕ್ತಪರೀಕ್ಷೆಯಲ್ಲಾಗಲಿ, ಎಕ್ಸ್‌ರೇಯಲ್ಲಾಗಲಿ ಸಿಗದೆ, ಬಹುತೇಕ ರೋಗಿಯ ಬಾಯಿಮಾತಿನಿಂದಲೇ ತಿಳಿಯಬೇಕಾದ ಕಾಯಿಲೆಯೊಂದಿದೆ. ಅದೇ ದೀರ್ಘಕಾಲದ ದಣಿವಿನ ಕಾಯಿಲೆ. ಅದರ ಚರ್ಚೆ ನಡೆಯುವಲ್ಲಿ ರೋಗಿ ಇಲ್ಲವೆಂದರೆ ಸಾಕ್ಷಿಯೇ ಇಲ್ಲದ ವಿಚಾರಣೆ ನಡೆದಂತೆ.

ಇದು ಎಂಥ ದಣಿವು?

ದುಡಿದು ಬಂದ ದಣಿವು ರಾತ್ರಿ ನಿದ್ದೆಯಲ್ಲಿ ಕಳೆಯುತ್ತದೆ. ಇದು ಕಳೆಯುವುದಿಲ್ಲ. ವೈದ್ಯರು ಎಂ.ಇ. ಅಥವಾ ಸಿ.ಎಫ್.ಎಸ್. ಎಂದು ಕರೆಯುವ ಈ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲೇ ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದರ ಗುರುತುಗಳನ್ನು ಸ್ಪಷ್ಟಪಡಿಸಿತು. ಆರು ತಿಂಗಳಿಗೂ ಮೀರಿ ಹಿಂದಿನಂತೆ ಕೆಲಸ ಮಾಡಲಾಗದ ಸ್ಥಿತಿ. ಸಣ್ಣ ಶ್ರಮದ ನಂತರವೂ ದೇಹ ಪೂರ್ತಿ ಕುಸಿಯುವುದು. ಮಲಗಿ ಎದ್ದರೂ ತಣಿಯದ ನಿದ್ದೆ. ಇವುಗಳ ಜತೆಗೆ ಮಂಕು ಕವಿದಂತಹ ಮರೆವು ಅಥವಾ ಎದ್ದು ನಿಂತರೆ ಹೆಚ್ಚುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರುತ್ತದೆ. ಕಾಯಿಲೆಯವರಲ್ಲಿ ಕನಿಷ್ಠ ನಾಲ್ಕರಲ್ಲೊಬ್ಬರು ಒಂದಲ್ಲ ಒಂದು ಕಾಲದಲ್ಲಿ ಮನೆ ಅಥವಾ ಹಾಸಿಗೆ ಬಿಟ್ಟು ಏಳಲಾರರು ಎಂದೂ ಆ ವರದಿ ಹೇಳಿತು.

ಇಲ್ಲಿ ಮುಖ್ಯವಾದುದು ಶ್ರಮದ ನಂತರದ ಕುಸಿತ. ಅದು ಹೆಚ್ಚಾಗಿ ಆ ಕ್ಷಣದಲ್ಲಿ ಬರುವುದಿಲ್ಲ. ಮರುದಿನವೋ, ಮೂರನೆಯ ದಿನವೋ ಬರುತ್ತದೆ. ಆದ್ದರಿಂದ ವೈದ್ಯರ ಮುಂದೆ ಕುಳಿತಾಗ ರೋಗಿ ಚೆನ್ನಾಗಿಯೇ ಕಾಣುತ್ತಾರೆ. ‘ನಿಮಗೇನೂ ಆಗಿಲ್ಲ, ಸ್ವಲ್ಪ ಓಡಾಡಿ’ ಎಂಬ ಮಾತು ಕೇಳಿ ಮನೆಗೆ ಮರಳುತ್ತಾರೆ. ಅವರು ಹಾಸಿಗೆ ಹಿಡಿದದ್ದನ್ನು ನೋಡಲು ವೈದ್ಯರು ಅಲ್ಲಿರುವುದಿಲ್ಲ.

ವೈರಸ್ ಜ್ವರಗಳ ನಂತರ ಇಂತಹ ದಣಿವು ಉಳಿಯುವುದುಂಟು. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ ಆಗಿದ್ದವು. ಉತ್ತರ ಕರ್ನಾಟಕ ಆ ವರ್ಷ ತುಂಬಾ ನರಳಿತು. 2008ರಲ್ಲಿ ಅದೇ ಜ್ವರ ನಮ್ಮ ಸುಳ್ಯ, ಪುತ್ತೂರು ಕಡೆಗೂ ಬಂತು. ಜ್ವರ ಬಿಟ್ಟು ತಿಂಗಳುಗಳು ಕಳೆದರೂ ಗಂಟುನೋವು, ಸುಸ್ತು ಬಿಡದವರನ್ನು ಎರಡೂ ಕಡೆಯ ಜನ ಕಂಡಿದ್ದಾರೆ. ಕೋವಿಡ್ ನಂತರವಂತೂ ಈ ಮಾತು ಇಡೀ ಲೋಕಕ್ಕೆ ಅರ್ಥವಾಗತೊಡಗಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡೋತ್ತರ ಸ್ಥಿತಿಗೆ ವ್ಯಾಖ್ಯೆ ಕೊಟ್ಟಾಗ ದಣಿವನ್ನು ಅದರ ಸಾಮಾನ್ಯ ಲಕ್ಷಣಗಳಲ್ಲಿ ಹೆಸರಿಸಿತು.

ಬನಹಟ್ಟಿಯಿಂದ ಹೊರಟವಳ ಒಂದು ದಿನ

ಕರಾವಳಿಯ ಓದುಗರಿಗೆ ಬಾಗಲಕೋಟೆ ಜಿಲ್ಲೆಯ ಮಾತು ಯಾಕೆ ಎನಿಸಬಹುದು. ಆ ಸೀಮೆಯ ಜನ ನಮಗೆ ದೂರದವರಲ್ಲ. ನಮ್ಮ ಕಟ್ಟಡಗಳಿಗೆ ಕಲ್ಲು-ಸಿಮೆಂಟು ಹೊರಲು ಬರುವವರಲ್ಲಿ ಬಾಗಲಕೋಟೆ, ವಿಜಯಪುರದ ಕಡೆಯವರು ಬಹಳ. ದೊಡ್ಡ ಕಾಯಿಲೆಯಾದರೆ ರಾತ್ರಿ ಬಸ್ಸು ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಬರುವವರಲ್ಲೂ ಅವರಿದ್ದಾರೆ. ನಮ್ಮ ಧರ್ಮಕೇಂದ್ರಗಳಿಂದ ಹೊರಟ ಗುರುಗಳೂ ಧರ್ಮಭಗಿನಿಯರೂ ಉತ್ತರ ಕರ್ನಾಟಕದ ಶಾಲೆ, ಆಸ್ಪತ್ರೆಗಳಲ್ಲಿ ಸೇವೆ ಮಾಡುತ್ತಿದ್ದಾರೆ.

ಜಮಖಂಡಿ, ಮುಧೋಳದ ಕಡೆ ಕಬ್ಬಿನ ಬೆಳೆ, ಸಕ್ಕರೆ ಕಾರ್ಖಾನೆ. ರಬಕವಿ-ಬನಹಟ್ಟಿಯಲ್ಲಿ ಹಗಲಿರುಳು ಮಗ್ಗದ ಸದ್ದು. ಬೀಳಗಿಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ-ಮನೆ ಬಿಟ್ಟು ಪುನರ್ವಸತಿ ಕೇಂದ್ರಗಳಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡವರು. ಎಲ್ಲ ಕಡೆಯೂ ಮೈಮುರಿದು ದುಡಿದರೆ ಮಾತ್ರ ಅಂದಿನ ಊಟ. ಇಂತಹ ನೆಲದಲ್ಲಿ ‘ಮೈಯಾಗ ಕಸುವ ಇಲ್ರಿ’ ಎಂದು ಹೇಳುವುದು ಸುಲಭವಲ್ಲ. ಹೇಳಿದವರಿಗೆ ಮೈಗಳ್ಳರೆಂಬ ಹೆಸರು ಬೇಗ ಅಂಟಿಕೊಳ್ಳುತ್ತದೆ. ಹೆಣ್ಣಾದರೆ ಇನ್ನೂ ಬೇಗ.

ಬನಹಟ್ಟಿಯ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಕುಳಿತು ಮಗ್ಗಕ್ಕೆ ಕಂಡಿಕೆ ಸುತ್ತುವುದು ಆಕೆಯ ದುಡಿಮೆ. ಜ್ವರ ಬಂದುಹೋದ ಮೇಲೆ ಎರಡು ವರ್ಷದಿಂದ ಈ ದಣಿವು. ದಣಿವಿನ ಬಗ್ಗೆ ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ವೈದ್ಯರ ಸಮ್ಮೇಳನವಿದೆ, ಬಂದು ನಾಲ್ಕು ಮಾತು ಹೇಳಿ ಎಂದು ಯಾರೋ ಒಳ್ಳೆಯ ಮನಸ್ಸಿನ ವೈದ್ಯರು ಕರೆದರೆಂದು ಇಟ್ಟುಕೊಳ್ಳಿ. ಬೆಳಗಿನ ಜಾವ ಎದ್ದು ಮನೆಯವರಿಗೆ ರೊಟ್ಟಿ ಬಡಿದಿಟ್ಟು ಆಕೆ ಬಸ್ಸು ಹತ್ತಬೇಕು. ಸೀಟು ಸಿಗದಿದ್ದರೆ ನಿಂತೇ ಹೋಗಬೇಕು. ಹತ್ತು ಗಂಟೆಗೆ ಸಭಾಂಗಣ ತಲುಪಿದರೆ ಮುಖ್ಯ ಅತಿಥಿಗಳು ಇನ್ನೂ ಬಂದಿರುವುದಿಲ್ಲ. ಅವರು ಬಂದ ಮೇಲೆ ಪ್ರಾರ್ಥನೆ, ಎದ್ದು ನಿಂತು ನಾಡಗೀತೆ, ಸ್ವಾಗತ, ಸನ್ಮಾನ, ಅಧ್ಯಕ್ಷರ ಭಾಷಣ. ಮೈಕಿನ ಅಬ್ಬರ, ಕಣ್ಣು ಕುಕ್ಕುವ ದೀಪ, ಹೂವು-ಸೆಂಟಿನ ವಾಸನೆ. ಆಕೆಯ ಸರದಿ ಬರುವಾಗ ಗಂಟೆ ಒಂದು. ‘ಸಮಯದ ಅಭಾವವಿರುವುದರಿಂದ ಎರಡೇ ನಿಮಿಷ’ ಎಂಬ ಸೂಚನೆ. ಆ ಬಳಿಕ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಊಟ. ಸಂಜೆ ಮತ್ತೆ ಬಸ್ಸು.

ಸಮ್ಮೇಳನ ಯಶಸ್ವಿಯಾಯಿತೆಂದು ಸಂಘಟಕರು ವರದಿ ಬರೆಯುತ್ತಾರೆ. ಮೂರನೆಯ ದಿನ ಬನಹಟ್ಟಿಯಲ್ಲಿ ಆ ತಾಯಿಗೆ ಕೊಡ ಎತ್ತಲೂ ಆಗುವುದಿಲ್ಲ. ಸುತ್ತಿದ ಲೆಕ್ಕಕ್ಕೆ ಕೂಲಿ ಪಡೆಯುವವಳಿಗೆ ಆ ವಾರದ ದುಡಿಮೆಯೂ ಇಲ್ಲ. ಇದನ್ನು ಯಾವ ಸಂಘಟಕರೂ ಬೇಕೆಂದು ಮಾಡುವುದಿಲ್ಲ. ಆರೋಗ್ಯವಂತರು ಆರೋಗ್ಯವಂತರಿಗಾಗಿ ಹಾಕಿಕೊಂಡ ವೇಳಾಪಟ್ಟಿ ಅದು. ಅದರಲ್ಲಿ ಕಾಯಿಲೆಯವರಿಗೆ ಆಹ್ವಾನವಿರಬಹುದು, ಸ್ವಾಗತವಿಲ್ಲ.

ಬಾಗಲಕೋಟೆ ಜಿಲ್ಲೆಯೇ ಕಲಿಸಿದ ಪಾಠ

ರೋಗಿಗಳನ್ನು ಸಭೆಯೊಳಗೆ ಕೂರಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದೇನಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇದೇ ಬಾಗಲಕೋಟೆ ಜಿಲ್ಲೆಯ ಹೆಸರು ಎಚ್‌ಐವಿ ಸೋಂಕಿನ ವಿಷಯದಲ್ಲಿ ಕೇಳಿಬರುತ್ತಿತ್ತು. 2003ರ ಸುಮಾರಿಗೆ ಜಿಲ್ಲೆಯ ಸಾಮಾನ್ಯ ಜನರಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕು ಕಂಡುಬಂದಿತ್ತು. ಭಾರತ-ಕೆನಡಾ ಸಹಯೋಗದ ಏಡ್ಸ್ ಯೋಜನೆ ಇಲ್ಲಿನ ಹಳ್ಳಿಗಳಲ್ಲಿ ಕೆಲಸ ಮಾಡಿತು. 1982ರ ಕಾನೂನು ನಿಷೇಧಿಸಿದ ಮೇಲೂ ದೇವದಾಸಿ ಪದ್ಧತಿಯ ನೋವು ಉಳಿದಿದ್ದ ಸೀಮೆಯಿದು. ಮುಧೋಳ, ಜಮಖಂಡಿಯ ಕಡೆಯ ಮಹಿಳೆಯರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು, ಸೋಂಕು ತಡೆಯುವ ಕೆಲಸದಲ್ಲಿ ಕೈಜೋಡಿಸಿದರು. ಯಾರನ್ನು ಸಮಾಜ ದೂರ ಇಟ್ಟಿತ್ತೋ ಅವರೇ ಅಧಿಕಾರಿಗಳ, ವೈದ್ಯರ ಎದುರು ಕುಳಿತು ತಮ್ಮ ಅನುಭವ ಹೇಳುವಂತಾಯಿತು. ಆ ಮಾತು ಕೇಳಿದ್ದರಿಂದ ಯೋಜನೆಗಳು ಬದಲಾದವು.

ಇದರ ಬೇರು ಒಂದು ಸಮ್ಮೇಳನದಲ್ಲೇ ಇದೆ. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಏಡ್ಸ್ ಕುರಿತ ಸಮ್ಮೇಳನ ನಡೆಯುತ್ತಿದ್ದಾಗ ಕಾಯಿಲೆಯವರೇ ವೇದಿಕೆ ಏರಿದರು. ತಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ, ಏಡ್ಸ್ ಕುರಿತ ಪ್ರತಿಯೊಂದು ಸಭೆಯಲ್ಲೂ ಇತರರಷ್ಟೇ ಮಾನ್ಯತೆಯೊಂದಿಗೆ ತಮಗೂ ಸ್ಥಾನ ಕೊಡಿ ಎಂದು ಕೇಳಿದರು. 1994ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ 42 ದೇಶಗಳು ಆ ತತ್ತ್ವವನ್ನು ಒಪ್ಪಿದವು. ಭಾರತದ ಕ್ಷಯರೋಗ ನಿರ್ಮೂಲನ ಕಾರ್ಯಕ್ರಮದಲ್ಲೂ ಗುಣಮುಖರಾದವರು ‘ಟಿಬಿ ಚಾಂಪಿಯನ್’ಗಳಾಗಿ ಸಭೆಗಳಲ್ಲಿ ಮಾತನಾಡುತ್ತಾರೆ. ಆ ಇಬ್ಬರಿಗೂ ಸಿಕ್ಕ ಜಾಗ ದಣಿವಿನ ಕಾಯಿಲೆಯವರಿಗೆ ಯಾಕೆ ಸಿಕ್ಕಿಲ್ಲ? ವೇದಿಕೆ ಏರಿ ಹಕ್ಕು ಕೇಳಲು ಬೇಕಾದ ಕಸುವೇ ಅವರಲ್ಲಿಲ್ಲ ಎಂಬುದು ಒಂದು ಕಾರಣ. ಹೋರಾಟ ಮಾಡಲಾರದವರ ಪರವಾಗಿ ಸಂಘಟಕರೇ ಮೊದಲು ಯೋಚಿಸಬೇಕಾಗುತ್ತದೆ.

ಕೇಳಿಸಿಕೊಂಡರೆ ಏನಾಗುತ್ತದೆ?

ರೋಗಿಯ ಮಾತು ಕೇಳುವುದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. ಅದರಿಂದ ಚಿಕಿತ್ಸೆ ಬದಲಾಗುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಈ ಕಾಯಿಲೆಗೆ ದಿನೇದಿನೇ ಹೆಚ್ಚಿಸುತ್ತ ಹೋಗುವ ವ್ಯಾಯಾಮವನ್ನು ಶಿಫಾರಸು ಮಾಡಿತ್ತು. ಅದರಿಂದ ತಮ್ಮ ಸ್ಥಿತಿ ಕೆಟ್ಟಿತೆಂದು ಅನೇಕ ರೋಗಿಗಳು ವರ್ಷಗಟ್ಟಲೆ ಹೇಳುತ್ತಲೇ ಇದ್ದರು. ರೋಗಿಗಳ ಪ್ರತಿನಿಧಿಗಳೂ ಇದ್ದ ಸಮಿತಿ ಆಧಾರಗಳನ್ನೆಲ್ಲ ಮತ್ತೆ ಪರಿಶೀಲಿಸಿತು. 2021ರ ಅಕ್ಟೋಬರಿನಲ್ಲಿ ಬಂದ ಹೊಸ ಮಾರ್ಗಸೂಚಿ ಆ ವ್ಯಾಯಾಮ ಚಿಕಿತ್ಸೆಯನ್ನು ಕೈಬಿಟ್ಟು, ಇರುವ ಶಕ್ತಿಯನ್ನು ಅಳತೆ ಮಾಡಿ ಖರ್ಚು ಮಾಡುವ ಕ್ರಮವನ್ನು ಸೂಚಿಸಿತು. ಹದಿನಾಲ್ಕು ವರ್ಷ ತಡವಾಗಿ!

ಮನೆಯಿಂದ ಹೊರಬರಲಾರದವರನ್ನು ಒಳಗೊಳ್ಳುವ ದಾರಿಗಳೂ ಇವೆ. ಎಡಿನ್‌ಬರೋ ವಿಶ್ವವಿದ್ಯಾಲಯದ ನೇತೃತ್ವದ ಡಿಕೋಡ್‌ಎಂಇ ಅಧ್ಯಯನದಲ್ಲಿ ರೋಗಿಗಳು ಮನೆಯಲ್ಲೇ ಕುಳಿತು ಪ್ರಶ್ನಾವಳಿ ತುಂಬಿದರು, ಎಂಜಲಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿದರು. 2025ರ ಆಗಸ್ಟಿನಲ್ಲಿ ಅದರ ಮೊದಲ ಫಲಿತಾಂಶ ಬಂತು. 15,579 ರೋಗಿಗಳ ಮಾದರಿಗಳಿಂದ ಈ ಕಾಯಿಲೆಗೆ ಸಂಬಂಧಿಸಿದ ಎಂಟು ತಳಿ ಸೂಚನೆಗಳು ಸಿಕ್ಕಿವೆ. ಆಸ್ಪತ್ರೆಗೆ ಬಂದವರು ಮಾತ್ರ ಸಾಕು ಎಂದಿದ್ದರೆ ಅತಿ ಹೆಚ್ಚು ನರಳುತ್ತಿರುವವರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ರೊನಾಲ್ಡ್ ಡೇವಿಸ್ ಅವರ ಮಗನೇ ಈ ಕಾಯಿಲೆಯಿಂದ ಹಾಸಿಗೆ ಹಿಡಿದವರು. 2017ರಲ್ಲಿ ಅಲ್ಲಿ ನಡೆದ ಸಂಕಿರಣವನ್ನು ಅಂತರ್ಜಾಲದಲ್ಲಿ ನೇರ ಪ್ರಸಾರ ಮಾಡಲಾಯಿತು. ಮಲಗಿದವರು ಮಲಗಿದಲ್ಲಿಂದಲೇ ಕೇಳಿದರು.

ನಮ್ಮ ಹತ್ತಿರದ ಒಂದು ಅಧ್ಯಯನವನ್ನೂ ಮರೆಯಬಾರದು. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು 2,500 ಮಹಿಳೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 12 ಮಂದಿ ಆರು ತಿಂಗಳಿಗೂ ಮೀರಿದ ದಣಿವನ್ನು ಹೇಳಿಕೊಂಡಿದ್ದರು. ಅವರೆಲ್ಲರಿಗೂ ಎಂ.ಇ. ಇತ್ತೆಂದು ಇದರ ಅರ್ಥವಲ್ಲ. ಸಾಲ, ಹಸಿವು, ಮನೆಯೊಳಗಿನ ಹಿಂಸೆ, ಮನಸ್ಸಿನ ನೋವುಗಳಿಗೂ ಆ ದಣಿವಿಗೂ ನಂಟು ಕಂಡುಬಂತು. ಹೆಂಗಸರ ಸುಸ್ತಿಗೆಲ್ಲ ರಕ್ತಹೀನತೆಯೇ ಕಾರಣ ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳುಹಿಸುವ ನಮ್ಮ ರೂಢಿಗೆ ಇದು ಎಚ್ಚರಿಕೆ. ರಕ್ತಹೀನತೆ, ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆಗಳನ್ನು ಪರೀಕ್ಷಿಸಲೇಬೇಕು. ಅವು ಯಾವುವೂ ಅಲ್ಲವೆಂದಾದಾಗ ಮಾತು ಮುಗಿಯಬಾರದು. ಅಲ್ಲಿಂದ ಕೇಳಿಸಿಕೊಳ್ಳುವ ಕೆಲಸ ಆರಂಭವಾಗಬೇಕು. ಕೊಂಕಣಿಯಲ್ಲಿ ಪುರಾಸಣ್ ಎಂದರೂ, ಬಾಗಲಕೋಟೆಯ ಕನ್ನಡದಲ್ಲಿ ಕಸುವಿಲ್ಲ ಎಂದರೂ, ಆ ಒಂದು ಪದದ ಹಿಂದೆ ಹಲವು ಕಥೆಗಳಿರುತ್ತವೆ.

ಏನು ಮಾಡಬಹುದು?

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಕೆಲವು ಸಂಗತಿಗಳನ್ನು ಸಂಘಟಕರ ಮುಂದಿಡುತ್ತೇವೆ.

ಒಂದು, ಬರಲಾಗದವರಿಂದ ಆರಂಭಿಸಿ. ತಮ್ಮ ಅನುಭವವನ್ನು ಮನೆಯಲ್ಲೇ, ತಮಗೆ ಅನುಕೂಲವಾದ ಹೊತ್ತಿನಲ್ಲಿ, ಹತ್ತು ನಿಮಿಷದ ವಿಡಿಯೋ ಅಥವಾ ಧ್ವನಿಮುದ್ರಣವಾಗಿ ಕಳುಹಿಸಲಿ. ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲೇ ಮೊದಲೇ ಕಳುಹಿಸಲು ಅವಕಾಶವಿರಲಿ. ಉಪನ್ಯಾಸಗಳ ಮುದ್ರಿಕೆ ಒಂದು ತಿಂಗಳಾದರೂ ಉಚಿತವಾಗಿ ಸಿಗಲಿ. ಒಂದೇ ಸಲಕ್ಕೆ ಕೇಳಲಾಗದವರು ಹತ್ತು ಹತ್ತು ನಿಮಿಷ ಕೇಳಿಯಾರು.

ಎರಡು, ಜಮಖಂಡಿಯವರು ಮಂಗಳೂರಿಗೆ ಬರಬೇಕಿಲ್ಲ. ಜಮಖಂಡಿ ಅಥವಾ ಮುಧೋಳದ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಒಂದು ಕೋಣೆ, ಒಂದು ಪರದೆ, ಅಂತರ್ಜಾಲ ಸಂಪರ್ಕ ಇದ್ದರೆ ಬೀಳಗಿ, ಬನಹಟ್ಟಿಯವರು ಅಲ್ಲಿಂದಲೇ ಭಾಗವಹಿಸಬಹುದು. ಜತೆಗೆ ಬರುವವರಿಗೂ ಶುಲ್ಕವಿರಬಾರದು. ಬಸ್ಸಿನ ಖರ್ಚಿನ ಜತೆ ಆ ದಿನದ ಕೂಲಿಯನ್ನೂ ಕೊಡಬೇಕು. ಉಪನ್ಯಾಸಕರಿಗೆ ಗೌರವಧನ ಕೊಡುವ ನಾವು ಅನುಭವ ಹೇಳಲು ಬಂದವರಿಗೆ ಹೂಗುಚ್ಛ ಮಾತ್ರ ಕೊಟ್ಟು ಕಳುಹಿಸುವುದು ನ್ಯಾಯವೇ?

ಮೂರು, ಸಭಾಂಗಣದ ಪಕ್ಕದಲ್ಲೇ ಒಂದು ವಿಶ್ರಾಂತಿ ಕೋಣೆ ಇರಲಿ. ಎರಡು ಮಂಚ, ನಾಲ್ಕು ಚಾಪೆ-ದಿಂಬು, ಕುಡಿಯುವ ನೀರು, ಮಂದ ಬೆಳಕು ಸಾಕು. ಮೈಕಿನ ಸದ್ದು ಅಲ್ಲಿಗೆ ಬರಬಾರದು. ಸಭೆಯ ನಡುವೆ ಎದ್ದು ಹೋಗಿ ಮಲಗುವುದು ಅಗೌರವವಲ್ಲವೆಂದು ಆರಂಭದಲ್ಲೇ ಪ್ರಕಟಿಸಬೇಕು. ನಾಡಗೀತೆಗೂ ಪ್ರಾರ್ಥನೆಗೂ ಕುಳಿತೇ ಇರಬಹುದೆಂದು ಹೇಳಬೇಕು. ಊಟವನ್ನು ಕುಳಿತಲ್ಲಿಗೇ ತಂದುಕೊಡಬೇಕು. ಕಿಟಕಿ ತೆರೆದಿರಲಿ, ಶೀತ-ಜ್ವರ ಇದ್ದವರು ಮುಖಗವಸು ಧರಿಸಲಿ.

ನಾಲ್ಕು, ರೋಗಿಯ ಮಾತಿಗೆ ಕೊಟ್ಟ ಸಮಯ ಕೊಟ್ಟ ಸಮಯವೇ ಆಗಿರಲಿ. ಮುಖ್ಯ ಅತಿಥಿ ತಡವಾದರೆ ಉದ್ಘಾಟನೆ ಕಾಯಲಿ, ರೋಗಿ ಕಾಯುವುದು ಬೇಡ.

ಐದು, ಮೂರನೆಯ ದಿನ ಸಂಘಟಕರಲ್ಲೊಬ್ಬರು ಬಂದವರಿಗೆಲ್ಲ ಫೋನ್ ಮಾಡಲಿ. ಹೇಗಿದ್ದೀರಿ, ನಮ್ಮ ಸಭೆಯಿಂದ ನಿಮಗೆಷ್ಟು ಶ್ರಮವಾಯಿತು ಎಂದು ಕೇಳಿ ಬರೆದಿಡಲಿ. ಮುಂದಿನ ಸಮ್ಮೇಳನವನ್ನು ಸುಧಾರಿಸಲು ಇದಕ್ಕಿಂತ ಒಳ್ಳೆಯ ವರದಿ ಸಿಗದು.

ಕರ್ನಾಟಕ ವೈದ್ಯಕೀಯ ಪರಿಷತ್ತು ನೋಂದಣಿ ನವೀಕರಣಕ್ಕೆ ಐದು ವರ್ಷಗಳಲ್ಲಿ 30 ಗಂಟೆಗಳ ಮುಂದುವರಿದ ಕಲಿಕೆಯನ್ನು ಕಡ್ಡಾಯ ಮಾಡಿದೆ. ಆ ಗಂಟೆಗಳನ್ನು ಗಳಿಸಲೆಂದೇ ಅನೇಕ ವೈದ್ಯರು ಸಮ್ಮೇಳನಗಳಿಗೆ ಬರುತ್ತಾರೆ. ಅದರಲ್ಲಿ ಒಂದೆರಡು ಗಂಟೆ ರೋಗಿಯ ಬಾಯಿಂದಲೇ ಕಲಿಯುವುದಕ್ಕೆ ಮೀಸಲಾದರೆ ಪರಿಷತ್ತಿಗಾಗಲಿ ವೈದ್ಯರಿಗಾಗಲಿ ನಷ್ಟವೇನು?

ಆಕ್ಷೇಪಗಳೂ ಇವೆ

ರೋಗಿಗಳ ಎದುರು ವೈದ್ಯರು ಮುಕ್ತವಾಗಿ ಚರ್ಚಿಸಲಾರರು ಎನ್ನುವವರಿದ್ದಾರೆ. ಇದು ನಿಜವಾದ ತೊಡಕು. ಬೇರೆ ರೋಗಿಗಳ ಗುಟ್ಟು ಹೊರಬೀಳುವಂತಹ ಚರ್ಚೆಗೆ ಪ್ರತ್ಯೇಕ ಅಧಿವೇಶನ ಇರಲಿ. ತಾಂತ್ರಿಕ ಉಪನ್ಯಾಸಗಳು ಸಾಮಾನ್ಯರಿಗೆ ಅರ್ಥವಾಗವು ಎನ್ನುತ್ತಾರೆ. ಹಾಗಾದರೆ ಪ್ರತಿ ಉಪನ್ಯಾಸದ ಕೊನೆಗೆ ಐದು ನಿಮಿಷ ಕನ್ನಡದಲ್ಲಿ ಸಾರ ಹೇಳಲಿ. ಸರಳವಾಗಿ ಹೇಳಲು ಬಾರದ ವಿಷಯ ನಮಗೂ ಪೂರ್ತಿ ತಿಳಿದಿದೆಯೇ ಎಂದು ಯೋಚಿಸಲು ಅದು ಸಹಾಯಕ. ಔಷಧ ಮಾರುವವರು ರೋಗಿಗಳನ್ನು ಬಳಸಿಕೊಂಡಾರು ಎಂಬ ಭಯವೂ ನ್ಯಾಯವೇ. ಕಂಪನಿಗಳ ಮಳಿಗೆಗಳನ್ನು ರೋಗಿಗಳಿರುವ ಕಡೆಯಿಂದ ದೂರ ಇಡುವುದು ಸಂಘಟಕರ ಕೈಯಲ್ಲೇ ಇದೆ.

ಇನ್ನೊಂದು ಎಚ್ಚರಿಕೆ ನಮಗೇ, ಅಂದರೆ ಸುದ್ದಿ ಮಾಡುವವರಿಗೆ. ಅನುಮತಿಯಿಲ್ಲದೆ ರೋಗಿಯ ಚಿತ್ರ, ಹೆಸರು, ಊರು ಪ್ರಕಟಿಸಬಾರದು. ಬನಹಟ್ಟಿಯ ಹುಡುಗಿಯೊಬ್ಬಳ ಚಿತ್ರ ‘ಸದಾ ಸುಸ್ತಾಗಿರುವವಳು’ ಎಂದು ಹರಿದಾಡಿದರೆ ಆಕೆಯ ಮದುವೆಯ ಮಾತು ಅಲ್ಲಿಗೇ ನಿಂತೀತು.

ಧರ್ಮಸಭೆಯ ಪಾಲು

1880ರಲ್ಲಿ ಕಂಕನಾಡಿಯಲ್ಲಿ ಔಷಧ ಹಂಚಲು ಆರಂಭಿಸಿದ ಫಾದರ್ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬೇರೆಯವರು ಬಾಗಿಲು ಮುಚ್ಚಿದವರಿಗೆ ಅವರು ಬಾಗಿಲು ತೆರೆದರು. ಆ ಪರಂಪರೆಯ ವೈದ್ಯಕೀಯ ಕಾಲೇಜುಗಳು, ದಾದಿಯರ ಶಾಲೆಗಳು ನಮ್ಮಲ್ಲಿವೆ. ಇಂತಹ ಸಮ್ಮೇಳನವನ್ನು ಮೊದಲು ಮಾಡಿ ತೋರಿಸುವ ಸಾಮರ್ಥ್ಯವೂ ಅವುಗಳಿಗಿದೆ.

2025ರ ಏಪ್ರಿಲ್ 5 ಮತ್ತು 6ರಂದು ರೋಮಿನಲ್ಲಿ ವ್ಯಾಧಿಸ್ಥರ ಹಾಗೂ ಆರೋಗ್ಯ ಸೇವಕರ ಜೂಬಿಲಿ ನಡೆಯಿತು. ರೋಗಿಗಳೂ ವೈದ್ಯರೂ ಒಂದೇ ಚೌಕದಲ್ಲಿ ಸೇರಿದ್ದರು. ಆಸ್ಪತ್ರೆಯಿಂದ ಬಂದು ಎರಡು ವಾರವಷ್ಟೇ ಆಗಿದ್ದ ಪೋಪ್ ಫ್ರಾನ್ಸಿಸ್ ಮುನ್ಸೂಚನೆಯಿಲ್ಲದೆ ಗಾಲಿಕುರ್ಚಿಯಲ್ಲಿ ಅಲ್ಲಿಗೆ ಬಂದರು. ಅವರ ಪ್ರಬೋಧನೆಯನ್ನು ಬೇರೊಬ್ಬರು ಓದಿದರು. ಸ್ವತಃ ಓದಲಾಗದಿದ್ದರೂ ಅವರು ಅಲ್ಲಿದ್ದರು, ಅವರ ಮಾತೂ ಅಲ್ಲಿತ್ತು. ಕಾಯಿಲೆಯವರು ಹೀಗೂ ಭಾಗವಹಿಸಬಹುದೆಂದು ಲೋಕ ನೋಡಿತು.

ಆದರೆ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಪ್ರತಿ ಫೆಬ್ರವರಿ 11ರಂದು ವ್ಯಾಧಿಸ್ಥರ ವಿಶ್ವ ದಿನದ ಬಲಿಪೂಜೆಗೆ ಕಾಯಿಲೆಯವರನ್ನು ಕರೆದು, ದೀರ್ಘ ಪ್ರಬೋಧನೆ ಮಾಡಿ, ಸಭಾ ಕಾರ್ಯಕ್ರಮವನ್ನೂ ಇಟ್ಟುಕೊಳ್ಳುವ ನಾವು ಎಷ್ಟು ಮಂದಿಯನ್ನು ಮರುದಿನ ಹಾಸಿಗೆಗೆ ಕಳುಹಿಸುತ್ತೇವೆ? ಮೊದಲ ಶುಕ್ರವಾರ ಮನೆಮನೆಗೆ ಪರಮಪ್ರಸಾದ ಒಯ್ಯುವ ಗುರುಗಳಿಗೆ ಬಾರದವರ ಮನೆಗಳು ಗೊತ್ತು. ಅವರು ಯಾಕೆ ಬರಲಿಲ್ಲವೆಂದು ಕುಳಿತು ಕೇಳಿದವರು ಕಡಿಮೆ.

ಮಾರ್ಕನ ಶುಭಸಂದೇಶದಲ್ಲಿ ಕಫೆರ್ನವುಮಿನ ಆ ಮನೆ ನಮಗೆಲ್ಲ ಗೊತ್ತು. ಒಳಗೆ ಪ್ರಭುವಿನ ಬೋಧನೆ, ಬಾಗಿಲವರೆಗೂ ಕಿಕ್ಕಿರಿದ ಜನ, ಶಾಸ್ತ್ರಜ್ಞರು ಆಗಲೇ ಕುಳಿತಾಗಿದೆ. ಹಾಸಿಗೆಯಲ್ಲಿದ್ದ ಪಾರ್ಶ್ವವಾಯು ರೋಗಿಗೆ ಮಾತ್ರ ದಾರಿಯಿಲ್ಲ. ನಾಲ್ವರು ಮಾಡು ತೆಗೆದು ಅವನನ್ನು ಹಾಸಿಗೆಯ ಸಮೇತ ಒಳಗಿಳಿಸಿದರು. ಪ್ರಭು ಯೇಸು ಉಪದೇಶಕ್ಕೆ ಅಡ್ಡಿಯಾಯಿತೆಂದು ಬೇಸರಿಸಲಿಲ್ಲ. ಆ ದಿನದ ಬೋಧನೆ ಆ ರೋಗಿಯ ಸುತ್ತಲೇ ನಡೆಯಿತು.

ಮುಂದಿನ ಸಮ್ಮೇಳನದ ಕರಪತ್ರ ಅಚ್ಚಿಗೆ ಹೋಗುವ ಮುನ್ನ ನಮ್ಮ ಆಸ್ಪತ್ರೆಗಳ ಸಂಘಟಕರು ಒಂದೇ ಒಂದು ಕೆಲಸ ಮಾಡಲಿ. ಕಾಯಿಲೆಯಿರುವ ಇಬ್ಬರನ್ನು, ಸಾಧ್ಯವಾದರೆ ಒಬ್ಬರು ಕರಾವಳಿಯವರು, ಒಬ್ಬರು ಬಾಗಲಕೋಟೆ ಕಡೆಯವರು, ಫೋನಿನಲ್ಲಿ ಮಾತನಾಡಿಸಿ, ಈ ವೇಳಾಪಟ್ಟಿಯಲ್ಲಿ ನಿಮಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಕೇಳಲಿ. ಅವರು ಹೇಳಿದಂತೆ ವೇಳಾಪಟ್ಟಿ ತಿದ್ದಲಿ. ಸಮ್ಮೇಳನ ಮುಗಿದ ಮೂರನೆಯ ದಿನ ಅವರಿಗೆ ಮತ್ತೆ ಫೋನ್ ಮಾಡುವುದನ್ನು ಮರೆಯದಿರಲಿ.